ಎರಡನೇ ಮಸ್ಟರ್ ಬರೆಯಲು ಹೇಳಿದರೆ ವಿಧೇಯಳಾಗಬೇಕೇ?

ಪ್ರಶ್ನೆ: ಬೆಂಗಳೂರಿನ ಒಂದು ಗಾರ್ಮೆಂಟ್ಸ್ ಕಾರ್ಖಾನೆಯ ಟೈಮ್ ಆಫೀಸಿನಲ್ಲಿದ್ದೇನೆ. ನಮ್ಮ ಬಟ್ಟೆ ಕೊಳ್ಳುವ ಬಯರ್ ಕಂಪನಿಯ ಕಡೆಯ ಆಡಿಟ್ ಬರುವ ಮುಂಚೆ ಹಾಜರಿ, ಓಟಿ ಅಂದರೆ ಹೆಚ್ಚುವರಿ ಗಂಟೆಗಳ ಕೆಲಸ, ಸಂಬಳ ಇವುಗಳ ಇನ್ನೊಂದು ಮಸ್ಟರ್ ಪುಸ್ತಕ ತಯಾರಿಸಲು ಮ್ಯಾನೇಜರ್ ಹೇಳುತ್ತಾರೆ. ಅದರಲ್ಲಿ ಭಾನುವಾರದ ಕೆಲಸ ಇರಬಾರದು, ರಾತ್ರಿ ಎಂಟರವರೆಗೆ ನಿಲ್ಲಿಸಿಕೊಂಡದ್ದೂ ಇರಬಾರದು. ಮನಸ್ಸು ಒಪ್ಪುತ್ತಿಲ್ಲ ಎಂದು ಸಭೆಯ ಹಿರಿಯರಿಗೆ ಹೇಳಿದೆ. ಅವರು ರೋಮಾಪುರ 13 ಮತ್ತು 1 ಪೇತ್ರ 2:18 ಓದಿ, "ಯಜಮಾನರಿಗೆ ಅಧೀನಳಾಗಿರಮ್ಮ, ಪಾಪ ಹೇಳಿದವರ ತಲೆಗೆ" ಎಂದರು. ಮ್ಯಾನೇಜರ್ ಎಲ್ಲರೆದುರು ಬೈಯುವುದೂ ಉಂಟು. ಶಿಪ್‌ಮೆಂಟ್ ಇದ್ದಾಗ ಭಾನುವಾರದ ಆರಾಧನೆ ತಪ್ಪುತ್ತದೆ. ಇನ್‌ಸ್ಪೆಕ್ಟರ್ ಬಂದರೆ ಲಂಚದ ಕವರ್ ಕೊಡಲು ಕಳಿಸುವುದೂ ನನ್ನನ್ನೇ. ಎಲ್ಲಿಯವರೆಗೆ ವಿಧೇಯಳಾಗಬೇಕು?

ಉತ್ತರ: ಆ ಮಸ್ಟರ್ ಬರೆಯಬೇಡಿ. ಉಳಿದೆಲ್ಲ ಕೆಲಸದಲ್ಲಿ ಅದೇ ಮ್ಯಾನೇಜರಿಗೆ ಮೊದಲಿಗಿಂತ ಚೆನ್ನಾಗಿ ಅಧೀನರಾಗಿರಿ. ಇವೆರಡು ಜೊತೆಗೆ ಹೋಗುವುದಿಲ್ಲ ಎಂದು ನಿಮ್ಮ ಹಿರಿಯರು ಎಣಿಸಿದಂತಿದೆ. ಸತ್ಯವೇದದಲ್ಲಿ ಅವು ಜೊತೆಗೇ ಇವೆ.

ಮೊದಲು ಅವರು ಓದಿದ ಭಾಗಗಳನ್ನೇ ನೋಡೋಣ. ರೋಮಾಪುರ 13ರ ಮೊದಲ ಏಳು ವಚನಗಳು ಸರಕಾರದ ಬಗ್ಗೆ ಇರುವಂಥವು. ಕತ್ತಿ ಹಿಡಿದ ಅಧಿಕಾರಿ, ಕಂದಾಯ, ಸುಂಕ ಎಲ್ಲ ಅಲ್ಲಿವೆ. ಕಾರ್ಖಾನೆಯ ಮ್ಯಾನೇಜರ್ ಇಲ್ಲ. ಅವರನ್ನು ಆ ಅಧ್ಯಾಯದೊಳಕ್ಕೆ ಕರೆತರುವುದಾದರೆ ನಿಮ್ಮ ಪಕ್ಕದಲ್ಲೇ, ಅಧೀನರ ಸಾಲಿನಲ್ಲೇ ನಿಲ್ಲಿಸಬೇಕಾಗುತ್ತದೆ. ಓಟಿಗೆ ದುಪ್ಪಟ್ಟು ದರ ಕೊಡಬೇಕು, ವಾರಕ್ಕೊಂದು ರಜೆ ಕೊಡಬೇಕು ಎಂದು 1948ರ ಕಾರ್ಖಾನೆ ಕಾಯ್ದೆ ಹೇಳಿತ್ತು, ಅದರ ಜಾಗಕ್ಕೆ ಬಂದ ಕಾರ್ಮಿಕ ಸಂಹಿತೆಯೂ ಅದನ್ನೇ ಹೇಳುತ್ತದೆ. ಈ ಕಾನೂನಿನ ಕಣ್ಣಿಗೆ ಮಣ್ಣೆರಚುವುದಕ್ಕೆ ರೋಮಾಪುರ 13ನ್ನು ಆಧಾರ ಮಾಡಿಕೊಂಡರೆ ಆ ಅಧ್ಯಾಯ ತಲೆಕೆಳಗಾಗುತ್ತದೆ.

1 ಪೇತ್ರ 2:18 ನಿಜವಾಗಿಯೂ ಕೆಲಸದ ಮಾತು. ಒಳ್ಳೆಯ ಯಜಮಾನರಿಗೆ ಮಾತ್ರವಲ್ಲ, ವಕ್ರಬುದ್ಧಿಯವರಿಗೂ ಅಧೀನರಾಗಿರಿ ಎನ್ನುತ್ತದೆ. ಆದರೆ ಓದನ್ನು 18ರಲ್ಲೇ ನಿಲ್ಲಿಸಬಾರದು. 19 ಮತ್ತು 20ರಲ್ಲಿ ಪೇತ್ರ ಹೊಗಳುವುದು ಒಳ್ಳೆಯದನ್ನು ಮಾಡಿ ಪೆಟ್ಟು ತಿಂದವರನ್ನು. ತಪ್ಪು ಮಾಡಿ ಪೆಟ್ಟು ತಿಂದರೆ ಅದರಲ್ಲೇನು ಹೆಚ್ಚುಗಾರಿಕೆ ಎಂದು ಅವನೇ ಕೇಳುತ್ತಾನೆ. ಅಂದರೆ ಆ ಭಾಗ ಯಜಮಾನನಿಂದ ಅನ್ಯಾಯವನ್ನು ಸಹಿಸುವ ಬಗ್ಗೆ ಇದೆ. ಯಜಮಾನನ ಪರವಾಗಿ ಮೂರನೆಯವರಿಗೆ ಅನ್ಯಾಯ ಮಾಡುವ ಬಗ್ಗೆ ಅಲ್ಲಿ ಒಂದಕ್ಷರವಿಲ್ಲ. ಈ ಪತ್ರ ಬರೆದ ಪೇತ್ರನೇ ಅಪೊಸ್ತಲರ ಕೃತ್ಯಗಳು 5:29ರಲ್ಲಿ ಯೆಹೂದ್ಯರ ಹಿರೀಸಭೆಯೆದುರು ನಿಂತು, ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು ಎಂದವನು. ಹಾಗೆಂದು ಅವನು ಕಲ್ಲೆತ್ತಲಿಲ್ಲ. ಛಡಿಯೇಟು ತಿಂದು ಹೊರಟ, ಮರುದಿನವೂ ಬೋಧಿಸಿದ.

ಇನ್ನೂ ಒಂದು ವಿಷಯ ಮರೆಯುವಂತಿಲ್ಲ. ಪೇತ್ರ ಬರೆದದ್ದು ದಾಸರಿಗೆ. ಅವರಿಗೆ ರಾಜೀನಾಮೆ ಕೊಡುವ ಹಕ್ಕಿರಲಿಲ್ಲ, ಮೇಲ್ಮನವಿಯೂ ಇರಲಿಲ್ಲ. ನಿಮ್ಮ ಬಳಿ ನೇಮಕಾತಿ ಪತ್ರವಿದೆ, ನೋಟಿಸ್ ಅವಧಿಯಿದೆ, ದೂರು ಕೊಡುವ ದಾರಿಯಿದೆ. ದಾರಿಯಿದ್ದವರು ಅದನ್ನು ಬಳಸುವುದು ಅವಿಧೇಯತೆಯಲ್ಲ ಎನ್ನುವುದಕ್ಕೆ ಪೌಲನೇ ಸಾಕ್ಷಿ. ಫಿಲಿಪ್ಪಿಯಲ್ಲಿ ವಿಚಾರಣೆಯಿಲ್ಲದೆ ಹೊಡೆಸಿ, ಆಮೇಲೆ ಗುಟ್ಟಾಗಿ ಬಿಟ್ಟುಕಳಿಸಲು ನೋಡಿದ ಅಧಿಕಾರಿಗಳಿಗೆ, ನೀವೇ ಬಂದು ಹೊರಗೆ ಕರೆದುಕೊಂಡು ಹೋಗಿ ಎಂದು ಹೇಳಿಕಳಿಸಿದ. ಕೈಸರೈಯದಲ್ಲಿ ರೋಮಿನ ಚಕ್ರವರ್ತಿಯಾದ ಕೈಸರನಿಗೇ ಮನವಿ ಮಾಡಿದ. ದಾಸರಿಗೆ ಬಿಡುಗಡೆಯ ಅವಕಾಶ ಸಿಕ್ಕರೆ ಬಳಸಿಕೊಳ್ಳಿರಿ ಎಂದು 1 ಕೊರಿಂಥ 7:21ರಲ್ಲಿ ಬರೆದ. ಮಹಾಯಾಜಕನ ಓಲೇಕಾರ ಕೆನ್ನೆಗೆ ಹೊಡೆದಾಗ ಯೇಸು ಸ್ವಾಮಿಯೂ ಸುಮ್ಮನಿರಲಿಲ್ಲ. ನಾನು ಸರಿಯಾಗಿ ಮಾತಾಡಿದ್ದರೆ ಯಾಕೆ ಹೊಡೆಯುತ್ತೀ ಎಂದು ಕೇಳಿದರು.

ಹಿರಿಯರ ಬಗ್ಗೆ ಬೇಸರ ಬೇಡ. ನಮ್ಮ ಕರಾವಳಿಯ ಸಭೆಗಳ ಹಿನ್ನೆಲೆ ಗೊತ್ತಿದ್ದವರಿಗೆ ಈ ಉತ್ತರ ಎಲ್ಲಿಂದ ಬರುತ್ತದೆ ಎಂದು ಅಂದಾಜಿರುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ನೇಯ್ಗೆಯ ಕಾರ್ಖಾನೆ ನಡೆಸಿತು, 1865ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆಯಿತು. ಅನೇಕ ವಿಶ್ವಾಸಿ ಕುಟುಂಬಗಳಿಗೆ ಕೂಲಿ ಕೊಡುವ ಕೈಯೂ ಸಭಾಶಿಸ್ತು ನಡೆಸುವ ಕೈಯೂ ಒಂದೇ ಆಗಿತ್ತು. ಅಂಥ ಕಡೆ ಮೇಸ್ತ್ರಿಯ ಮಾತು ಮತ್ತು ಪಾದ್ರಿಯ ಮಾತಿನ ನಡುವಿನ ಗೆರೆ ಮಸುಕಾಗುವುದು ಸಹಜ. ಈಗಲೂ ಸಭೆಯ ಶಾಲೆ, ಆಸ್ಪತ್ರೆಗಳಲ್ಲಿ ಕೆಲಸ ಮಾಡುವವರಿಗೆ ಇದೇ ತೊಡಕು. ನಿಮ್ಮದು ಹಾಗಲ್ಲ. ನಿಮ್ಮ ಮ್ಯಾನೇಜರಿಗೆ ನಿಮ್ಮ ದುಡಿಮೆಯ ಗಂಟೆಗಳ ಮೇಲೆ ಅಧಿಕಾರವಿದೆ. ನಿಮ್ಮ ಸಹಿಯ ಸತ್ಯದ ಮೇಲೆ ಇಲ್ಲ.

"ಪಾಪ ಹೇಳಿದವರ ತಲೆಗೆ" ಎಂಬ ಮಾತಿಗೆ 1 ಸಮುವೇಲ 22 ಉತ್ತರ. ಯೆಹೋವನ ಯಾಜಕರನ್ನು ಕೊಲ್ಲಿರಿ ಎಂದು ಅರಸನಾದ ಸೌಲ ತನ್ನ ಕಾವಲಿನವರಿಗೆ ಅಪ್ಪಣೆ ಕೊಟ್ಟ. ಅವರು ಕೈಯೆತ್ತಲಿಲ್ಲ. ಎದೋಮ್ಯನಾದ ದೋಯೇಗ ಎತ್ತಿದ. ಆ ದಿನ ಸತ್ತ ಯಾಜಕರು 85 ಮಂದಿ. ಅಪ್ಪಣೆ ಸೌಲನದೇ ಆಗಿದ್ದರೂ ಆ ಕೊಲೆಯಲ್ಲಿ ದೋಯೇಗನ ಹೆಸರನ್ನು ಸತ್ಯವೇದ ಬಿಟ್ಟಿಲ್ಲ. ನಿರಾಕರಿಸಿದ ಕಾವಲಿನವರ ನಡತೆಯನ್ನು ಗಮನಿಸಿ. ಅವರು ಸೌಲನ ಮೇಲೆ ತಿರುಗಿ ಬಿದ್ದರೆಂದೂ ಚಾಕರಿ ಬಿಟ್ಟು ಓಡಿದರೆಂದೂ ಅಲ್ಲಿಲ್ಲ. ಆ ಒಂದು ಅಪ್ಪಣೆಯನ್ನು ಮಾತ್ರ ಪಾಲಿಸಲಿಲ್ಲ. ನೆಲದ ಕಾನೂನೂ ಇದೇ ಧಾಟಿಯಲ್ಲಿದೆ: ಮೋಸದ ಉದ್ದೇಶದಿಂದ ಲೆಕ್ಕಪತ್ರ ತಿದ್ದುವ ಗುಮಾಸ್ತನಿಗೆ, ನೌಕರನಿಗೆ 7 ವರ್ಷದವರೆಗೆ ಶಿಕ್ಷೆ ಇದೆ. ಮೇಲಿನವರು ಹೇಳಿದರು ಎಂಬುದು ಅಲ್ಲಿ ರಕ್ಷಣೆಯಾಗದು.

ಎರಡನೇ ಮಸ್ಟರ್ ಯಾರ ಮೇಲೆ ಬೀಳುತ್ತದೆ ಎನ್ನುವುದನ್ನು ಸ್ವಲ್ಪ ಬಿಡಿಸಿ ನೋಡಬೇಕು, ಯಾಕೆಂದರೆ "ಯಾರೋ ವಿದೇಶದ ಬಯರ್‌ಗೆ ಒಂದು ಕಾಗದ ತೋರಿಸುವುದು, ಅಷ್ಟೇ ತಾನೆ" ಎಂಬ ಸಮಾಧಾನ ಟೈಮ್ ಆಫೀಸುಗಳಲ್ಲಿ ಬಹಳ. ಕಾಗದದಲ್ಲಿ ಇಲ್ಲದ ಓಟಿಗೆ ದುಪ್ಪಟ್ಟು ಕೊಡಬೇಕಿಲ್ಲ. ಸಿಂಗಲ್ ದರದಲ್ಲಿ ಕೈಗೆ ನಗದು ಕೊಟ್ಟು ಮುಗಿಸಬಹುದು. ನಾಳೆ ಆ ಟೈಲರ್ ಬಾಕಿ ಕೇಳಿಕೊಂಡು ಹೋದರೆ ನೀವು ಬರೆದ ಮಸ್ಟರೇ ಅವಳ ವಿರುದ್ಧ ಸಾಕ್ಷಿ. ಅದಕ್ಕಿಂತ ಕೆಟ್ಟದ್ದು ಅಪಘಾತ. ಭಾನುವಾರ ಕಟಿಂಗ್ ಟೇಬಲ್ಲಿನಲ್ಲಿ ಬೆರಳು ಹೋಯಿತು ಎನ್ನಿ. ದಾಖಲೆಯ ಪ್ರಕಾರ ಆ ದಿನ ಕಾರ್ಖಾನೆಗೆ ರಜೆ. ಕೆಲಸದ ವೇಳೆಯ ಗಾಯ ಎಂದು ಕಾರ್ಮಿಕರ ವಿಮೆಯಾದ ಇಎಸ್ಐ ಸೌಲಭ್ಯ ಪಡೆಯಬೇಕಾದವಳು, ತಾನು ಅಲ್ಲಿ ಇದ್ದೆ ಎಂಬುದನ್ನೇ ಸಾಬೀತು ಮಾಡಬೇಕಾಗುತ್ತದೆ. ಹೊಲ ಕೊಯ್ದವರಿಂದ ಹಿಡಿದಿಟ್ಟುಕೊಂಡ ಕೂಲಿ ಕೂಗುತ್ತಿದೆ ಎಂದು ಯಾಕೋಬ 5:4 ಹೇಳುವುದು ಇಂಥದ್ದಕ್ಕೇ. ಕಾರ್ಮಿಕರ ಕೂಲಿ ವಂಚಿಸುವುದು ಸ್ವರ್ಗಕ್ಕೆ ಮೊರೆಯಿಡುವ ಅಪರಾಧವೆಂದು 1891ರಲ್ಲಿ ಪೋಪ್ 13ನೇ ಲಿಯೋ ಕಾರ್ಮಿಕರ ಸ್ಥಿತಿಯ ಕುರಿತ ತಮ್ಮ ವಿಶ್ವಪತ್ರದಲ್ಲಿ ಬರೆದಾಗ ಆಧಾರಕ್ಕೆ ತೆಗೆದುಕೊಂಡದ್ದು ಇದೇ ವಚನವನ್ನು. ಗಂಡುಕೂಸುಗಳನ್ನು ಕೊಲ್ಲಲು ಹೇಳಿದ ಫರೋಹನಿಗೆ ಇಬ್ರಿಯ ಸೂಲಗಿತ್ತಿಯರು ಸತ್ಯ ಹೇಳಲಿಲ್ಲವಲ್ಲ ಎಂದು ಯಾರಾದರೂ ವಾದ ಹೂಡಬಹುದು. ಅವರು ಮಾತು ಮರೆಸಿದ್ದು ಕೂಸುಗಳನ್ನು ಉಳಿಸಲಿಕ್ಕೆ. ಇಲ್ಲಿ ಮರೆಸುವುದು ಬಡವಳ ಗಂಟೆಗಳನ್ನು.

ಮ್ಯಾನೇಜರಿಗೂ ಇದರಿಂದ ಲಾಭವಿಲ್ಲ. ನೀವು ಮಾತಾಡುವಾಗ ಕೆಲಸಕ್ಕೆ ಬರುವ ವಾದ ಇದು. ಅನುಭವವಿರುವ ಆಡಿಟರ್ ಮಸ್ಟರನ್ನು ಒಂಟಿಯಾಗಿ ಓದುವುದಿಲ್ಲ. ಮುರಿದ ಸೂಜಿಯ ರಿಜಿಸ್ಟರ್ ತೆಗೆಸುತ್ತಾರೆ. ಮುರಿದ ಪ್ರತಿ ಸೂಜಿಯ ಚೂರನ್ನು ಅಂಟಿಸಿ ದಿನಾಂಕ, ಲೈನ್ ನಂಬರ್ ಬರೆಯುವುದು ಫ್ಲೋರಿನ ಅಭ್ಯಾಸ. ಭಾನುವಾರದ ದಿನಾಂಕದ ಒಂದೇ ಒಂದು ಸೂಜಿ ಸಿಕ್ಕರೂ ಕಥೆ ಬಿಚ್ಚಿಕೊಳ್ಳುತ್ತದೆ. ಆಮೇಲೆ ಗೇಟಿನ ಸೆಕ್ಯೂರಿಟಿ ಪುಸ್ತಕ, ಜನರೇಟರ್ ಲಾಗ್, ಪ್ರಥಮ ಚಿಕಿತ್ಸೆಯ ಪುಸ್ತಕ, ಲೈನಿನ ದಿನವಹಿ ಪ್ರೊಡಕ್ಷನ್ ಶೀಟ್. ಇಷ್ಟನ್ನೂ ಒಂದಕ್ಕೊಂದು ಹೊಂದುವಂತೆ ತಿದ್ದಲು ಯಾರಿಂದಲೂ ಆಗುವುದಿಲ್ಲ. ಹೆಚ್ಚಿನ ಬಯರ್‌ಗಳ ನಿಯಮದಲ್ಲಿ ಓಟಿ ಹೆಚ್ಚಾಗಿದೆ ಎಂಬುದಕ್ಕೆ ಗಡುವು ಕೊಟ್ಟು ತಿದ್ದುಪಡಿ ಯೋಜನೆ ಕೇಳುತ್ತಾರೆ. ದಾಖಲೆ ಸುಳ್ಳು ಎಂದು ಸಿಕ್ಕಿಬಿದ್ದರೆ ಆರ್ಡರ್ ನಿಲ್ಲುವ ಮಟ್ಟಕ್ಕೆ ಹೋಗುತ್ತದೆ. ಸಿಕ್ಕಿಬಿದ್ದ ದಿನ "ಟೈಮ್ ಆಫೀಸಿನ ಹುಡುಗಿ ತಪ್ಪು ಮಾಡಿದಳು" ಎಂಬ ವಿವರಣೆ ಸಿದ್ಧವಿರುತ್ತದೆ ಎನ್ನುವುದನ್ನೂ ತಿಳಿದಿರಿ.

ಹೇಗೆ ಬೇಡವೆನ್ನಬೇಕು? ಇಲ್ಲಿ ದಾನಿಯೇಲನ ಮೊದಲನೇ ಅಧ್ಯಾಯಕ್ಕಿಂತ ಒಳ್ಳೆಯ ಪಾಠವಿಲ್ಲ. ಬಾಬೆಲಿನ ಅರಸನ ಭೋಜನ ತನಗೆ ಬೇಡವೆಂದು ಅವನು ಮನಸ್ಸಿನಲ್ಲಿ ಮೊದಲೇ ಗಟ್ಟಿ ಮಾಡಿಕೊಂಡ. ತಟ್ಟೆ ಮುಂದೆ ಬಂದ ಮೇಲೆ ಅಲ್ಲ. ಕಂಚುಕಿಯರ ನಾಯಕನನ್ನು ಅಪ್ಪಣೆ ಕೇಳಿದ, ಘೋಷಣೆ ಕೂಗಲಿಲ್ಲ. ಆ ಅಧಿಕಾರಿ ತನ್ನ ಭಯವನ್ನು ಬಾಯಿಬಿಟ್ಟು ಹೇಳಿದ: ನಿಮ್ಮ ಮುಖ ಕಳೆಗುಂದಿದರೆ ನನ್ನ ತಲೆಗೆ ಅಪಾಯ. ದಾನಿಯೇಲ ಆ ಭಯವನ್ನು ತಳ್ಳಿಹಾಕಲಿಲ್ಲ, ಕೆಳಗಿನ ಮೇಲ್ವಿಚಾರಕನ ಬಳಿ ಹೋಗಿ ಆ ಭಯಕ್ಕೇ ಉತ್ತರವಾಗುವ ಪ್ರಸ್ತಾಪ ಇಟ್ಟ. ಕಾಯಿಪಲ್ಯ, ನೀರು, 10 ದಿನ. ಆಮೇಲೆ ಮುಖ ನೋಡಿ ನೀವೇ ತೀರ್ಮಾನಿಸಿ.

ನಿಮ್ಮ ಮ್ಯಾನೇಜರಿಗೆ ಇರುವ ಭಯ ಆರ್ಡರ್ ಹೋಗುವುದು. ಆದ್ದರಿಂದ ಆಡಿಟ್ ದಿನಾಂಕ ಗೊತ್ತಾದ ಕೂಡಲೇ, ಹಿಂದಿನ ಸಂಜೆಗೆ ಕಾಯದೆ, ಒಬ್ಬರೇ ಇರುವಾಗ ಹೋಗಿ ಮಾತಾಡಿ. ಬಾಗಿಲು ತೆರೆದಿರಲಿ. ಮಾತು ಚಿಕ್ಕದಿರಲಿ: "ಸರ್, ಆಡಿಟ್‌ಗೆ ಬೇಕಾದ ಎಲ್ಲ ಫೈಲೂ ನಾನೇ ಜೋಡಿಸಿಕೊಡ್ತೀನಿ, ಎಷ್ಟು ಹೊತ್ತಾದರೂ ಕೂತು ಮುಗಿಸ್ತೀನಿ. ಪಂಚಿಂಗ್‌ನಲ್ಲಿ ಇಲ್ಲದ ಹಾಜರಿ ಬರೆಯೋದು ಮಾತ್ರ ನನ್ನಿಂದ ಆಗಲ್ಲ." ಕಾರಣ ಕೇಳಿದರೆ ನಂಬಿಕೆ ಎಂದು ಒಂದೇ ವಾಕ್ಯದಲ್ಲಿ ಹೇಳಿ, ಪ್ರಸಂಗ ಬೇಡ. ಮರುಮಾತಿಗೇ ಪ್ರಸ್ತಾಪ ಇಡಿ. ಕಳೆದ ಮೂರು ತಿಂಗಳ ನಿಜವಾದ ಗಂಟೆಗಳ ಪಟ್ಟಿ, ಯಾವ ಲೈನಿನಲ್ಲಿ ಯಾವ ಶಿಪ್‌ಮೆಂಟಿಗಾಗಿ ಓಟಿ ಏರಿತು ಎಂಬ ವಿವರ, ಮುಂದಿನ ಮೂರು ತಿಂಗಳಲ್ಲಿ ಅದನ್ನು ಹೇಗೆ ಇಳಿಸುತ್ತೇವೆ ಎಂಬ ಒಂದು ಪುಟ. ಇದನ್ನು ಆಡಿಟರ್ ಕೇಳುವ ಮೊದಲೇ ಮುಂದಿಟ್ಟ ಕಾರ್ಖಾನೆಗೆ ಹೆಚ್ಚಿನ ಕಡೆ ಕಾಲಾವಕಾಶ ಸಿಗುತ್ತದೆ. ದುಪ್ಪಟ್ಟು ದರದ ಬಾಕಿಯನ್ನು ಲೆಕ್ಕ ಹಾಕಿ ಜೊತೆಗೇ ಕೊಡಿ. ಮೊತ್ತ ನೋಡಿ ಮ್ಯಾನೇಜರ್ ಬೆಚ್ಚಬಹುದು. ಆದರೆ ಕಂತಿನಲ್ಲಿ ಕೊಡುವ ಮಾತು ಅಲ್ಲಿಂದಲೇ ಶುರುವಾಗುವುದು.

ಅದೇ ದಿನ ಮೂರ್ನಾಲ್ಕು ಸಾಲಿನ ಇಮೇಲ್ ಹಾಕಿ: ಇಂದು ಮಾತಾಡಿದ ವಿಷಯ, ನೀವು ಮಾಡಿಕೊಡುವ ಕೆಲಸ, ಮಾಡಲಾಗದ ಕೆಲಸ. ಆರೋಪದ ಪದಗಳು ಬೇಡ. ನೇಮಕಾತಿ ಪತ್ರ, ಸಂಬಳದ ಚೀಟಿ, ಪಿಎಫ್‌ನ ಖಾತೆ ಸಂಖ್ಯೆಯಾದ ಯುಎಎನ್ ಮನೆಯಲ್ಲಿರಲಿ. ಕಂಪನಿಯ ಮಸ್ಟರಿನ ಫೋಟೋ ತೆಗೆದು ವಾಟ್ಸಾಪಿನಲ್ಲಿ ಹರಿಬಿಡುವುದು ಮಾತ್ರ ಮಾಡಬೇಡಿ. ಸರಿಯಾದ ನಿರಾಕರಣೆ ಅಲ್ಲಿಗೆ ಶಿಸ್ತುಕ್ರಮಕ್ಕೆ ಗುರಿಯಾಗುತ್ತದೆ. ಮ್ಯಾನೇಜರ್ ಒಪ್ಪದಿದ್ದರೆ ಕಂಪ್ಲಯನ್ಸ್ ಮುಖ್ಯಸ್ಥರು, ಆಮೇಲೆ ನೋಟಿಸ್ ಬೋರ್ಡಿನಲ್ಲಿ ಬಯರ್ ಅಂಟಿಸಿರುವ ದೂರಿನ ನಂಬರ್, ಯೂನಿಯನ್, ಕಾರ್ಖಾನೆಗಳ ಇಲಾಖೆ, ಈ ಕ್ರಮದಲ್ಲಿ ಹೋಗಿ. ಆಡಿಟರ್ ನಿಮ್ಮನ್ನೇ ನೇರವಾಗಿ ಕೇಳಿದರೆ ಗೊತ್ತಿದ್ದಷ್ಟನ್ನು ಸತ್ಯವಾಗಿ ಹೇಳಿ. ಕೇಳದ್ದನ್ನೆಲ್ಲ ಸುರಿಯಬೇಕಿಲ್ಲ.

ಇಂಥ ನಿರಾಕರಣೆಗಳು ಎಡವುವುದು ಸಾಮಾನ್ಯವಾಗಿ ಬೇರೆ ಕಡೆ. ಒಂದನ್ನು ಬೇಡವೆಂದವರು ಆ ಹೆಮ್ಮೆಯಲ್ಲಿ ಉಳಿದ ಕೆಲಸದಲ್ಲಿ ಸಡಿಲವಾಗುತ್ತಾರೆ. ಕೊಲೊಸ್ಸೆ 3:22 ಹೇಳುವುದು ಯಜಮಾನನ ಕಣ್ಣಿದ್ದಾಗ ಮಾತ್ರ ದುಡಿಯುವ ಚಾಳಿಯನ್ನು ಬಿಡಿರಿ ಎಂದು. ತೀತ 2:9-10 ಎದುರುಮಾತನ್ನೂ ಚಿಕ್ಕಪುಟ್ಟ ಕಳ್ಳತನವನ್ನೂ ಒಟ್ಟಿಗೆ ಹೆಸರಿಸುತ್ತದೆ. ಗೆಳತಿಯ ಕಾರ್ಡನ್ನು ನೀವು ಪಂಚ್ ಮಾಡುವುದು, ಕ್ಯಾಂಟೀನಿನಲ್ಲಿ ಮ್ಯಾನೇಜರನ್ನು ಅಣಕಿಸುವುದು, ಕನ್ವೆನ್ಷನ್ ಸಭೆಗೆ ಹೋಗಲು ಜ್ವರದ ಸರ್ಟಿಫಿಕೇಟ್ ತರುವುದು ಇವೆಲ್ಲ ಅದೇ ಪಟ್ಟಿಗೆ ಸೇರಿದವು. ಕೊನೆಯದು ನಮ್ಮವರಲ್ಲಿ ಆಶ್ಚರ್ಯವಾಗುವಷ್ಟು ಸಲೀಸು! ಸುಳ್ಳು ಮಸ್ಟರ್ ಬರೆಯೆನು ಎನ್ನುವವಳ ರಜೆ ಚೀಟಿಯೂ ಸತ್ಯವಾಗಿರಬೇಕು. ಇಷ್ಟವಿಲ್ಲದ ಸೀಟು, ದಡ್ಡತನದ್ದೆಂದು ತೋರುವ ಹೊಸ ಫಾರ್ಮ್ಯಾಟು, ಕೊನೆ ಗಳಿಗೆಯ ರಿಪೋರ್ಟು ಇವನ್ನೆಲ್ಲ ಗೊಣಗದೆ ಮಾಡಿ. ಅಧೀನತೆಯ ಬಹುಪಾಲು ಇರುವುದು ಇಲ್ಲೇ.

ಆಜ್ಞೆ ತಪ್ಪೋ ಸರಿಯೋ ಎಂದು ಖಾತ್ರಿ ಇಲ್ಲದಾಗ? ಮಾರ್ಟಿನ್ ಲೂಥರ್ 1526ರಲ್ಲಿ ಸೈನಿಕರಿಗೆ ಉತ್ತರ ಬರೆಯುತ್ತಾ ಇದನ್ನು ಎದುರಿಸಿದ. ಒಡೆಯನ ಯುದ್ಧ ಅನ್ಯಾಯದ್ದೆಂದು ಖಂಡಿತವಾಗಿ ಗೊತ್ತಿದ್ದರೆ ಹೋಗಬೇಡ. ಗೊತ್ತಿಲ್ಲ, ತಿಳಿಯಲೂ ಆಗುತ್ತಿಲ್ಲ ಎಂದರೆ ಅನುಮಾನಕ್ಕಾಗಿ ಖಚಿತ ಕರ್ತವ್ಯವನ್ನು ಬಿಡಬೇಡ ಎಂದ. ಆಫೀಸಿನಲ್ಲಿ ತಿಳಿಯಲು ಆಗುತ್ತದೆ, ಅದೇ ವ್ಯತ್ಯಾಸ. "ಸರ್, ಇದನ್ನು ಇಮೇಲಿನಲ್ಲಿ ಹಾಕಿ, ನಾನು ಮಾಡ್ತೀನಿ" ಎಂದು ವಿನಯದಿಂದ ಕೇಳಿ. ಸರಿಯಾದ ಕೆಲಸವಾದರೆ ಇಮೇಲ್ ಬರುತ್ತದೆ.

ಕವರಿನ ಬಗ್ಗೆ ಹೆಚ್ಚು ಯೋಚಿಸಬೇಕಿಲ್ಲ. 2018ರ ತಿದ್ದುಪಡಿಯ ನಂತರ ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ ಲಂಚ ಕೊಟ್ಟವರೂ ಅಪರಾಧಿಗಳು, 7 ವರ್ಷದವರೆಗೆ ಶಿಕ್ಷೆಯಿದೆ. ಬಲವಂತಕ್ಕೆ ಕೊಟ್ಟವರು 7 ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದರೆ ಮಾತ್ರ ವಿನಾಯಿತಿ. "ಕವರ್ ನನ್ನ ಕೈಯಲ್ಲಿ ಬೇಡ ಸರ್" ಎಂದಷ್ಟೇ ಹೇಳಿ. ಸ್ನಾನಿಕನಾದ ಯೋಹಾನನ ಬಳಿ ಸುಂಕದವರೂ ಸಿಪಾಯಿಗಳೂ ಬಂದಾಗ ಕೆಲಸ ಬಿಡಿ ಎಂದು ಅವನು ಹೇಳಲಿಲ್ಲ. ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಬೇಡ, ಬೆದರಿಸಿ ಕಿತ್ತುಕೊಳ್ಳಬೇಡಿ ಎಂದ. ಹೆಸರು ಕೆಟ್ಟ ಉದ್ಯಮದಲ್ಲಿದ್ದುಕೊಂಡೇ ಕೈ ಶುದ್ಧ ಇಟ್ಟುಕೊಳ್ಳಲು ಸಾಧ್ಯ ಎಂಬುದಕ್ಕೆ ಲೂಕ 3 ಸಾಕು.

ಬೈಗುಳದ ವಿಷಯದಲ್ಲಿ ಎರಡನ್ನು ಬೇರ್ಪಡಿಸಿ. ಒರಟು ಮಾತು, ಟಾರ್ಗೆಟ್ಟಿನ ಕೂಗಾಟ ಇವು ಪೇತ್ರ ಹೇಳಿದ ಸಹನೆಯ ವ್ಯಾಪ್ತಿಗೆ ಬರುತ್ತವೆ. ಆದರೂ ಬೇರೆ ದಿನ, ಬಿಸಿ ಆರಿದ ಮೇಲೆ, ಎಲ್ಲರ ಮುಂದೆ ಬೈದದ್ದು ನೋವಾಯಿತು ಎಂದು ಅವರಿಗೇ ಹೇಳುವುದು ಸರಿ. ಕೈ ಮಾಡುವುದು, ಲೈಂಗಿಕ ಮಾತು, ಸ್ಪರ್ಶ ಇವು ಸಹನೆಯ ಪ್ರಶ್ನೆಗಳೇ ಅಲ್ಲ. 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು ಎನ್ನುತ್ತದೆ ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆ. ಘಟನೆಯಿಂದ 3 ತಿಂಗಳೊಳಗೆ ಲಿಖಿತ ದೂರು ಕೊಡಿ. ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ವಿಸ್ತರಿಸಬಹುದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಮತ್ತಾಯ 18ನ್ನು ತೋರಿಸಿ "ಮೊದಲು ಒಬ್ಬಳೇ ಹೋಗಿ ಅವನೊಂದಿಗೆ ಮಾತಾಡು" ಎಂದು ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. ಆ ಭಾಗ ಸಭೆಯ ಸಹೋದರರ ನಡುವಿನದು. ಹೆಣ್ಣುಮಗಳನ್ನು ಕಿರುಕುಳ ಕೊಟ್ಟವನ ಕೋಣೆಗೆ ಒಂಟಿಯಾಗಿ ಕಳಿಸಲು ಬರೆದದ್ದಲ್ಲ.

ಭಾನುವಾರದ ಕೆಲಸವನ್ನು ಸುಳ್ಳು ಮಸ್ಟರಿನ ಸಾಲಿಗೆ ಸೇರಿಸಬೇಡಿ. ಮೊದಲ ಮೂರು ಶತಮಾನ ವಿಶ್ವಾಸಿಗಳಿಗೆ ಭಾನುವಾರ ರಜೆ ಇರಲಿಲ್ಲ. ಅದು ಬಂದದ್ದು 321ರಲ್ಲಿ, ಕಾನ್‌ಸ್ಟಂಟೈನನ ಆಜ್ಞೆಯಿಂದ. ಅದಕ್ಕೂ ಮೊದಲು, ಸುಮಾರು 112ರಲ್ಲಿ, ಗೊತ್ತಾದ ದಿನ ಬೆಳಗಾಗುವ ಮುಂಚೆ ಕ್ರೈಸ್ತರು ಕೂಡುತ್ತಾರೆ ಎಂದು ರೋಮಿನ ಬಿಥೂನ್ಯ ಪ್ರಾಂತ್ಯದ ಅಧಿಪತಿ ಪ್ಲಿನಿ ಚಕ್ರವರ್ತಿಗೆ ವರದಿ ಮಾಡಿದ್ದ. ಕೂಡಿಬಂದು ಆಮೇಲೆ ದುಡಿಮೆಗೆ ಹೋಗುತ್ತಿದ್ದರು. ಬೆಂಗಳೂರಿನ ದೊಡ್ಡ ಸಭೆಗಳಲ್ಲಿ ಬೆಳಗಿನ, ಸಂಜೆಯ ಆರಾಧನೆಗಳಿವೆ. ಕಥೋಲಿಕರಿಗೆ ಶನಿವಾರ ಸಂಜೆಯ ಪೂಜೆಯೂ ಸಲ್ಲುತ್ತದೆ. ಶಿಪ್‌ಮೆಂಟ್ ತಿಂಗಳಲ್ಲಿ ಮೊದಲೇ ಬರೆದುಕೊಡಿ: ಭಾನುವಾರ ಹತ್ತೂವರೆಗೆ ಬರುತ್ತೇನೆ, ಆ ಗಂಟೆಗಳನ್ನು ಶನಿವಾರ ತುಂಬಿಸಿಕೊಡುತ್ತೇನೆ. ಬದಲಿ ರಜೆ ನಿಮ್ಮ ಹಕ್ಕು, ಅದನ್ನು ಕೇಳಿ ಪಡೆಯಿರಿ.

ಕೊನೆಗೆ ಕೆಲಸ ಹೋದರೆ ಎಂಬ ಪ್ರಶ್ನೆ. ಹೋಗಬಹುದು. ಪ್ರತಿ ಆಡಿಟ್‌ಗೂ ಇದೇ ಬೇಡಿಕೆ ಬರುತ್ತಿದ್ದರೆ ಈಗಿನಿಂದಲೇ ಬೇರೆ ಕಡೆ ಅರ್ಜಿ ಹಾಕಿ, ಮೂರು ತಿಂಗಳ ಬಾಡಿಗೆ ಮತ್ತು ರೇಷನ್ನಿನ ಹಣ ಪಕ್ಕಕ್ಕಿಡಿ. ಬಿಡುವಾಗ ನೋಟಿಸ್ ಅವಧಿ ಪೂರ್ತಿ ಕೆಲಸ ಮಾಡಿ, ಫೈಲುಗಳನ್ನು ಪಟ್ಟಿ ಮಾಡಿ ಒಪ್ಪಿಸಿ ಸಹಿ ಪಡೆಯಿರಿ, ರಿಲೀವಿಂಗ್ ಪತ್ರ ಕೇಳಿ. ಮ್ಯಾನೇಜರ್ ಬಳಿ ಹೋಗುವ ಮೊದಲು ಇನ್ನೊಮ್ಮೆ ಹಿರಿಯರ ಬಳಿ ಹೋಗಿ, ಈ ಸಲ ವಚನ ಕೇಳಲಿಕ್ಕಲ್ಲ. ನಾನು ಇದನ್ನು ಬರೆಯುವುದಿಲ್ಲ ಎಂದು ತೀರ್ಮಾನಿಸಿದ್ದೇನೆ, ಕೆಲಸ ಹೋದರೆ ಸಭೆಯ ಸಹಾಯನಿಧಿಯಿಂದ ಎರಡು ತಿಂಗಳ ಬಾಡಿಗೆ ಸಿಗುತ್ತದೆಯೇ, ಬೇರೆ ಕಾರ್ಖಾನೆಯಲ್ಲಿರುವ ಸಭೆಯವರು ಯಾರಾದರೂ ನನ್ನ ಅರ್ಜಿ ಒಯ್ಯುತ್ತಾರೆಯೇ ಎಂದು ನೇರವಾಗಿ ಕೇಳಿ.